ಹತ್ತು ಪ್ರತಿ ತಂದರೂ ಜಾಗ ಕೊಡುವ ಅಂಗಡಿ

(ಬೆಂಗಳೂರಿನಲ್ಲಿ ಚಿತ್ರಕಲೆ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಸ್ವಲ್ಪ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಲ್ಟರ್ನೇಟಿವ್ ಕಾಮಿಕ್ಸ್ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದರು. ನಾನು ಅಂಗಡಿಗಳ ಬಗ್ಗೆ ಮಾತಾಡುತ್ತೇನೆ ಅಂದೆ. ಕಲೆ ಕೇಳಿದರೆ ಇವರು ವ್ಯಾಪಾರ ಹೇಳುತ್ತಾರಲ್ಲ ಅಂತ ಅವರಿಗೆ ಗಲಿಬಿಲಿ ಆಯಿತು. ಆದರೆ ನನ್ನ ವಾದವೇ ಅದು. ಈ ಬಗೆಯ ಕಾಮಿಕ್ಸ್‌ನಲ್ಲಿ ಕಪಾಟು ಮೊದಲು ಬಂತು, ಪುಸ್ತಕ ಆಮೇಲೆ ಬಂತು. ಯಾವುದೋ ಊರಿನಲ್ಲಿ ಒಬ್ಬ ಅಂಗಡಿಯವರು ‘ತಂದುಕೊಡಿ, ಇಟ್ಟು ನೋಡೋಣ’ ಅಂದರು. ಹಾಗಂದಿದ್ದಕ್ಕೇ ಎಷ್ಟೋ ಜನ ಕೂತು ಬರೆದರು.

ಆಲ್ಟರ್ನೇಟಿವ್ ಅಂದರೆ ಏನು ಅಂತ ಜಾಸ್ತಿ ಎಳೆಯುವುದಿಲ್ಲ. ಅಮೆರಿಕದ ದೊಡ್ಡ ಕಂಪನಿಗಳ ಕಾಮಿಕ್ಸ್‌ನಲ್ಲಿ ಕಥೆ ಒಬ್ಬರದು, ಪೆನ್ಸಿಲ್ ಇನ್ನೊಬ್ಬರದು, ಇಂಕು ಮತ್ತೊಬ್ಬರದು. ಬಣ್ಣಕ್ಕೆ, ಅಕ್ಷರಕ್ಕೆ ಬೇರೆಯವರು. ಪಾತ್ರ ಮಾತ್ರ ಕಂಪನಿಯದು. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ಒಬ್ಬರೇ ಎಲ್ಲ ಮಾಡುತ್ತಾರೆ, ಪಾತ್ರವೂ ಅವರದೇ. ಹಾರುವ ಮನುಷ್ಯರ ಬದಲು ಅಮ್ಮನ ಕಾಯಿಲೆ, ಕೆಲಸ ಹೋದದ್ದು, ಒಂಟಿತನ, ಸುಮ್ನೆ ಒಂದು ಮಧ್ಯಾಹ್ನ.

ಇಂಥದ್ದನ್ನು ಮಾರಲು ಬೇರೆ ಅಂಗಡಿಯೇ ಬೇಕಾಗಿದ್ದು ಯಾಕೆ? 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರಾ ಅಂತ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಸೇರಿ ಕಾಮಿಕ್ಸ್ ಕೋಡ್ ಅನ್ನುವ ನಿಯಮಾವಳಿ ಮಾಡಿಕೊಂಡರು. ಮುಖಪುಟದ ಮೂಲೆಯಲ್ಲಿ ಆ ಕೋಡಿನ ಒಪ್ಪಿಗೆಯ ಮುದ್ರೆ ಇಲ್ಲದಿದ್ದರೆ ವಿತರಕರು ಮುಟ್ಟುತ್ತಿರಲಿಲ್ಲ. ವಿತರಕರು ಮುಟ್ಟದಿದ್ದರೆ ಪೇಪರ್ ಅಂಗಡಿಗೆ ಬರುತ್ತಿರಲಿಲ್ಲ. ಸರ್ಕಾರ ಏನನ್ನೂ ನಿಷೇಧ ಮಾಡಬೇಕಾಗಿ ಬರಲಿಲ್ಲ ನೋಡಿ. ಕಪಾಟು ಮುಚ್ಚಿದರೆ ಸಾಕಾಗಿತ್ತು.

1968ರಲ್ಲಿ ರಾಬರ್ಟ್ ಕ್ರಂಬ್ ಅನ್ನುವ ಕಾಮಿಕ್ಸ್ ಕಲಾವಿದರು ತಮ್ಮ ‘ಝ್ಯಾಪ್’ ಪತ್ರಿಕೆಯ ಮೊದಲ ಸಂಚಿಕೆಯನ್ನು ಸ್ಯಾನ್‌ಫ್ರಾನ್ಸಿಸ್ಕೋದ ಹೇಟ್ ಬೀದಿಯಲ್ಲಿ ಮಗುವಿನ ತಳ್ಳುಗಾಡಿಯಲ್ಲಿಟ್ಟು ಮಾರಿದರು. ಇದನ್ನು ಎಲ್ಲರೂ ರಸವತ್ತಾಗಿ ಹೇಳುತ್ತಾರೆ. ನನಗೆ ಕಾಣುವುದು ಒಂದೇ: ಇಡಲು ಬೇರೆ ಜಾಗವೇ ಇರಲಿಲ್ಲ. ಆಮೇಲೆ ಹಿಪ್ಪಿಗಳ ಅಂಗಡಿಗಳು ಇಟ್ಟುಕೊಂಡವು. 1973ರಲ್ಲಿ ಅಶ್ಲೀಲತೆಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ಯಾವುದು ಅಶ್ಲೀಲ ಅನ್ನುವುದಕ್ಕೆ ಆಯಾ ಊರಿನ ಅಳತೆಯೇ ಅಳತೆ ಆಯಿತು. ಆ ಅಂಗಡಿಗಳೂ ಹಿಂದೆ ಸರಿದವು.

ಅದೇ ಹೊತ್ತಿಗೆ ಬ್ರೂಕ್ಲಿನ್ನಿನ ಶಾಲಾ ಮೇಷ್ಟ್ರು ಫಿಲ್ ಸ್ಯೂಲಿಂಗ್ ಇನ್ನೊಂದು ದಾರಿ ತೆರೆದರು. ಪೇಪರ್ ಅಂಗಡಿಯವರು ಮಾರದೆ ಉಳಿದದ್ದನ್ನು ವಾಪಸ್ ಕಳಿಸಬಹುದಿತ್ತು. ಸ್ಯೂಲಿಂಗ್ ನೇರವಾಗಿ ಪ್ರಕಾಶಕರ ಹತ್ತಿರ ಹೋಗಿ, ವಾಪಸ್ ಕೊಡುವುದಿಲ್ಲ, ಅದಕ್ಕೆ ಬದಲಾಗಿ ಜಾಸ್ತಿ ರಿಯಾಯಿತಿ ಕೊಡಿ ಅಂದರು. ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಹೆಚ್ಚಿದ್ದು ಹೀಗೆ. ಇದರಿಂದ ಕಾಮಿಕ್ಸ್ ಕೋಡ್ ಮುದ್ರೆಯ ಹಂಗು ಕಡಿಮೆ ಆಯಿತು. ಆದರೆ ವಾಪಸ್ ಇಲ್ಲ ಅಂದಮೇಲೆ ನಷ್ಟ ಪೂರ್ತಿ ಅಂಗಡಿಯವನ ತಲೆ ಮೇಲೆ. ಎರಡು ತಿಂಗಳು ಮುಂಚೆ ಕ್ಯಾಟಲಾಗ್ ನೋಡಿ ಆರ್ಡರ್ ಹಾಕಬೇಕು. ಸ್ಪೈಡರ್‌ಮ್ಯಾನ್ ಐವತ್ತು ತರಿಸೋಣವಾ, ಹೆಸರೇ ಕೇಳದ ಹುಡುಗಿಯೊಬ್ಬಳ ಪುಸ್ತಕ ಐದು ತರಿಸೋಣವಾ? ನೀವಾದರೂ ಏನು ಮಾಡುತ್ತೀರಿ?

ಈ ಲೆಕ್ಕಾಚಾರದಿಂದ ಹೊರಗೆ ನಿಂತ ಅಂಗಡಿಯೊಂದು ಶಿಕಾಗೋದಲ್ಲಿದೆ, ಕ್ವಿಂಬೀಸ್ ಅಂತ. ಸ್ಟೀವನ್ ಸ್ವಿಂಬರ್ಸ್ಕಿ ಅನ್ನುವವರು 1991ರ ಸೆಪ್ಟೆಂಬರ್‌ನಲ್ಲಿ ವಿಕರ್ ಪಾರ್ಕ್ ಬಡಾವಣೆಯ ಡೇಮನ್ ಅವೆನ್ಯೂದಲ್ಲಿ ಶುರುಮಾಡಿದರು. ಆಗ ಅಲ್ಲಿ ಬಾಡಿಗೆ ಕಡಿಮೆ, ಕಲಾವಿದರು ಜಾಸ್ತಿ. ಸ್ವಿಂಬರ್ಸ್ಕಿ ಅದಕ್ಕೂ ಮುಂಚೆ ಬಾಸ್ಟನ್ನಿನಲ್ಲಿ ‘ಕ್ವಿಂಬಿ’ ಅನ್ನುವ ಸಣ್ಣ ಪತ್ರಿಕೆ ನಡೆಸುತ್ತಿದ್ದರು. ಅದೇ ಹೆಸರು ಅಂಗಡಿಗೂ ಬಂತು. ತಮಾಷೆ ಅಂದರೆ, ಅದೇ ವರ್ಷ ಶಿಕಾಗೋಗೆ ಓದಲು ಬಂದ ಕ್ರಿಸ್ ವೇರ್ ಅನ್ನುವ ಹುಡುಗ ಬರೆಯುತ್ತಿದ್ದ ಇಲಿಯ ಹೆಸರೂ ಕ್ವಿಂಬಿ! ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ. ಕೊನೆಗೆ ಅಂಗಡಿಯ ಬೋರ್ಡನ್ನು ವೇರ್ ಅವರೇ ಬರೆದುಕೊಟ್ಟರು. ಅದೇ ವೇರ್ ಅವರ ‘ಜಿಮ್ಮಿ ಕೊರಿಗನ್’ 2001ರಲ್ಲಿ ಗಾರ್ಡಿಯನ್ ಪತ್ರಿಕೆಯ ಚೊಚ್ಚಲ ಕೃತಿ ಪ್ರಶಸ್ತಿ ಪಡೆಯಿತು, ಕಾದಂಬರಿಗಳನ್ನೆಲ್ಲ ಹಿಂದೆ ಹಾಕಿ. 1997ರಲ್ಲಿ ಅಂಗಡಿ ಕೈ ಬದಲಾಯಿತು, ಅದೇ ಬಡಾವಣೆಯ ನಾರ್ತ್ ಅವೆನ್ಯೂಗೆ ಬಂತು. ಕೊಂಡವರೂ ಕಾಮಿಕ್ಸ್ ಅಂಗಡಿಯವರೇ. ಸ್ವಭಾವ ಬದಲಾಗಲಿಲ್ಲ.

ಆ ಸ್ವಭಾವ ಏನು ಅಂದರೆ, ಯಾರು ಏನು ಮಾಡಿ ತಂದರೂ ಇಟ್ಟುಕೊಳ್ಳುವುದು. ನೀವು ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದ ನಿಮ್ಮ ಪುಸ್ತಕದ ಐದೋ ಹತ್ತೋ ಪ್ರತಿ ತೆಗೆದುಕೊಂಡು ಗಲ್ಲಾದ ಹತ್ತಿರ ಹೋಗುತ್ತೀರಿ. ಒಂದು ಫಾರಂ ಕೊಡುತ್ತಾರೆ. ಹೆಸರು, ವಿಳಾಸ, ಪುಸ್ತಕದ ಹೆಸರು, ಎಷ್ಟು ಪ್ರತಿ, ಬೆಲೆ ಎಷ್ಟು. ಅಷ್ಟೇ. ಇಟ್ಟುಕೊಳ್ಳುವಾಗ ದುಡ್ಡು ಕೊಡುವುದಿಲ್ಲ, ಮಾರಾಟ ಆದಮೇಲೆ ಕೊಡುತ್ತಾರೆ. ಇಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 60 ನಿಮಗೆ, 40 ಅಂಗಡಿಗೆ. ಮಾರದೆ ಉಳಿದರೆ ಬಂದು ತೆಗೆದುಕೊಂಡು ಹೋಗಬೇಕು. ಚೆನ್ನಾಗಿದೆಯಾ ಇಲ್ಲವಾ ಅನ್ನುವ ಪರೀಕ್ಷೆ ಇಲ್ಲ. ಅಂಗಡಿಯವರಿಗೆ ಬಂಡವಾಳದ ಅಪಾಯ ಇಲ್ಲ, ಜಾಗದ ಅಪಾಯ ಮಾತ್ರ. ಸ್ಯೂಲಿಂಗ್ ಪದ್ಧತಿಯನ್ನು ತಿರುಗಾಮುರುಗಾ ಮಾಡಿದ ಹಾಗಾಯಿತು. ನನ್ನ ಕಣ್ಣಿಗೆ ಆ ಫಾರಂ ಈ ಕಲೆಯ ಚರಿತ್ರೆಯಲ್ಲಿ ಯಾವುದೇ ದೊಡ್ಡ ಪುಸ್ತಕದಷ್ಟೇ ಮುಖ್ಯ.

ಆ ಕಪಾಟಿನ ಮುಂದೆ ನಿಂತರೆ ಮೊದಲು ಗಮನಕ್ಕೆ ಬರುವುದು ಅಳತೆ. ಎರಡು ಪುಸ್ತಕ ಒಂದೇ ಗಾತ್ರ ಇರುವುದಿಲ್ಲ. ಅಂಗೈಯಗಲದ್ದು, ಬೆಂಕಿಪೊಟ್ಟಣದಷ್ಟಿನದು, ಸೂಜಿದಾರದಲ್ಲಿ ಹೊಲಿದದ್ದು, ಮುಖಪುಟಕ್ಕೆ ಗೋಡೆ ಕಾಗದ ಹಚ್ಚಿದ್ದು. ಬೆನ್ನೇ ಇಲ್ಲದ ಪುಸ್ತಕಗಳಾದ್ದರಿಂದ ಸಾಲಾಗಿ ನಿಲ್ಲಿಸಲು ಆಗುವುದಿಲ್ಲ, ಮುಖ ಕಾಣುವಂತೆ ಇಡಬೇಕು. ಅದಕ್ಕೇ ಜಾಸ್ತಿ ಜಾಗ ಬೇಕು. ಬಾಡಿಗೆ ಕಟ್ಟುವವರ ಕಷ್ಟ ಇಲ್ಲಿದೆ: ಅತಿ ಕಡಿಮೆ ಬೆಲೆಯ ವಸ್ತು ಅತಿ ಹೆಚ್ಚು ಜಾಗ ತಿನ್ನುತ್ತದೆ.

ಹೇಗೂ ನೀವು ಕೈಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದೀರಿ, ಮಾಡಿಯೇ ತೋರಿಸುತ್ತೇನೆ. (ಇಲ್ಲಿ ಎಲ್ಲರಿಗೂ ಒಂದೊಂದು ಎ4 ಹಾಳೆ ಕೊಟ್ಟೆ.) ಹಾಳೆಯನ್ನು ಮೂರು ಸಲ ಅರ್ಧರ್ಧ ಮಡಚಿ ಬಿಚ್ಚಿ. ಎಂಟು ಮನೆ ಬಂತಲ್ಲ? ಹಾಳೆ ಅಡ್ಡ ಇಟ್ಟುಕೊಳ್ಳಿ, ಮೇಲೆ ನಾಲ್ಕು, ಕೆಳಗೆ ನಾಲ್ಕು. ನಡುವಿನ ಅಡ್ಡ ಗೆರೆಯಲ್ಲಿ ಮಧ್ಯದ ಎರಡು ಮನೆಯಷ್ಟು ಉದ್ದ ಮಾತ್ರ ಕತ್ತರಿಸಿ, ಎರಡೂ ತುದಿ ಬಿಡಿ. ಈಗ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ನಡುವಿನ ಸೀಳು ಬಾಯಿ ಬಿಡುತ್ತದೆ, ಹಾಗೇ ಮಡಚಿಕೊಂಡು ಎಂಟು ಪುಟದ ಪುಸ್ತಕ ಆಗುತ್ತದೆ. ಪಿನ್ನೂ ಬೇಡ, ಅಂಟೂ ಬೇಡ. ಬರೆಯುವಾಗ ಒಂದು ಮಾತ್ರ ನೆನಪಿಟ್ಟುಕೊಳ್ಳಿ: ಮೇಲಿನ ಸಾಲಿನ ನಾಲ್ಕು ಪುಟ ತಲೆಕೆಳಗಾಗಿ ಬರಬೇಕು. ಮುಖಪುಟ ಕೆಳಗಿನ ಸಾಲಿನ ಎರಡನೇ ಮನೆ, ಅದರ ಎಡಕ್ಕೆ ಹಿಂಬದಿಯ ರಕ್ಷಾಪುಟ. ಒಂದೇ ಮಗ್ಗುಲು ಬರೆದಿರುವುದರಿಂದ ಜೆರಾಕ್ಸ್ ಕೂಡ ಒಂದೇ ಮಗ್ಗುಲು ಸಾಕು. ಇದೇ ಮಿನಿ ಕಾಮಿಕ್.

ಇದರಿಂದ ಏನಾಗುತ್ತದೆ ಅನ್ನಬೇಡಿ. ಇಲಿನಾಯ್ ರಾಜ್ಯದವರೇ ಆದ ಜಾನ್ ಪೋರ್ಸೆಲಿನೋ 1989ರಲ್ಲಿ ‘ಕಿಂಗ್ ಕ್ಯಾಟ್’ ಅನ್ನುವ ಜೆರಾಕ್ಸ್ ಪತ್ರಿಕೆ ಶುರುಮಾಡಿದರು. ದಶಕಗಳು ಕಳೆದರೂ ಬಿಡಲಿಲ್ಲ. ನಾಲ್ಕು ಗೆರೆ ಎಳೆದರೆ ಒಂದು ಮರ, ಇನ್ನೆರಡು ಎಳೆದರೆ ಒಂದು ಬೆಕ್ಕು, ಅಷ್ಟು ಸರಳ. ಆಂಡರ್ಸ್ ನಿಲ್ಸನ್ ಶಿಕಾಗೋದಲ್ಲಿದ್ದಾಗ 1999ರಲ್ಲಿ ಸಣ್ಣ ಹಕ್ಕಿಗಳ ಕಥೆಯೊಂದನ್ನು ತಾವೇ ಅಚ್ಚು ಹಾಕಿಸಲು ಶುರುಮಾಡಿದರು. ಹಕ್ಕಿಗಳು ಸಿಡಿಯದ ಬಾಂಬೊಂದನ್ನು ದೊಡ್ಡ ಮೊಟ್ಟೆ ಅಂದುಕೊಂಡು ಚರ್ಚೆ ಮಾಡುತ್ತವೆ. ಅದು ಬೆಳೆದು ಬೆಳೆದು 2011ರಲ್ಲಿ ಸುಮಾರು 600 ಪುಟದ ‘ಬಿಗ್ ಕ್ವೆಶ್ಚನ್ಸ್’ ಆಯಿತು. ಮಾಂಟ್ರಿಯಲ್‌ನ ಜೂಲಿ ಡುಸೆ 1988ರಲ್ಲಿ ಜೆರಾಕ್ಸ್ ಪ್ರತಿಗಳಿಂದ ಶುರುಮಾಡಿದವರು. 2022ರಲ್ಲಿ ಫ್ರಾನ್ಸಿನ ಆಂಗುಲೇಮ್ ಉತ್ಸವದಲ್ಲಿ ಅವರಿಗೆ ಗ್ರ್ಯಾಂಡ್ ಪ್ರಿ ಬಂತು, ಕಾಮಿಕ್ಸ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಅವರನ್ನು ಮೊದಲಿಗೆ ಪುಸ್ತಕವಾಗಿ ತಂದ ಡ್ರಾನ್ ಆಂಡ್ ಕ್ವಾರ್ಟರ್ಲಿ ಸಂಸ್ಥೆಯೇ 2007ರಲ್ಲಿ ಅದೇ ಊರಿನ ಬರ್ನಾರ್ಡ್ ಬೀದಿಯಲ್ಲಿ ಸ್ವಂತ ಪುಸ್ತಕದಂಗಡಿ ತೆರೆಯಿತು. ಪ್ರಕಾಶಕರಿಗೂ ಕೊನೆಗೆ ಬೇಕಾಗಿದ್ದು ಕಪಾಟು ನೋಡಿ!

ಇನ್ನು ಕಾರ್ಯಕ್ರಮಗಳ ವಿಷಯ. ಇಂಥ ಅಂಗಡಿಗಳಲ್ಲಿ ಸಂಜೆ ಹೊತ್ತು ಏನಾದರೂ ನಡೆಯುತ್ತಲೇ ಇರುತ್ತದೆ. ಬಿಡುಗಡೆ, ಓದು, ಸಹಿ. ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ನಡುವಿನ ಮೇಜು ಸರಿಸಿ ಮಡಚುವ ಕುರ್ಚಿ ಹಾಕುತ್ತಾರೆ. ಸಿಯಾಟಲ್‌ನ ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನದ ಅಂಗಡಿ ಒಂದು ಗ್ರಾಮಫೋನ್ ರೆಕಾರ್ಡ್ ಅಂಗಡಿಯ ಜೊತೆ ಜಾಗ ಹಂಚಿಕೊಂಡಿದೆ. ಅಲ್ಲಿನ ಜಾರ್ಜ್‌ಟೌನ್ ಬಡಾವಣೆಯಲ್ಲಿ ತಿಂಗಳ ಎರಡನೇ ಶನಿವಾರ ಊರಿನ ಕಲಾ ಸಂಜೆ. ಆ ದಿನ ಗೋಡೆಯ ಮೇಲೆ ಮೂಲ ಚಿತ್ರಗಳು ಬರುತ್ತವೆ. ಅಚ್ಚಾದ ಪುಟದಲ್ಲಿ ಕಾಣದ ವೈಟ್ನರ್ ಕಲೆ, ಅಳಿಸಿದ ಪೆನ್ಸಿಲ್ ಗೆರೆ, ಅಂಟಿಸಿದ ಚೂರು ಕಾಗದ ಎಲ್ಲ ಕಾಣುತ್ತದೆ. ನಿಮ್ಮಂಥವರು ಕಲಿಯುವುದು ಅಲ್ಲಿ.

ಆದರೆ ಕಾಮಿಕ್ಸನ್ನು ಜನರ ಮುಂದೆ ಓದುವುದು ಹೇಗೆ? ಇದು ನಿಜವಾದ ಸಮಸ್ಯೆ. ಕವಿ ಎದ್ದು ನಿಂತು ಓದಿದರೆ ಸಾಕು. ಕಾಮಿಕ್ ಓದುಗರು ಒಬ್ಬರೇ, ಮೌನವಾಗಿ, ತಮ್ಮ ವೇಗದಲ್ಲಿ ಓದುವಂಥದ್ದು. ಒಂದು ಚೌಕದಲ್ಲಿ ಅರ್ಧ ನಿಮಿಷ ನಿಲ್ಲುತ್ತೀರಿ, ಮುಂದಿನ ಮೂರನ್ನು ಒಂದೇ ಸಲ ದಾಟುತ್ತೀರಿ, ಹಿಂದಕ್ಕೂ ಹೋಗುತ್ತೀರಿ. ಆ ಹಿಡಿತ ವೇದಿಕೆಯಲ್ಲಿ ನಿಂತವರ ಕೈಗೆ ಹೋಗುತ್ತದೆ. ಮೊದಮೊದಲು ಪುಟವನ್ನೇ ಪರದೆ ಮೇಲೆ ಹಾಕಿ ಓದುತ್ತಿದ್ದರು. ಬರೆದವರು ಎರಡನೇ ಚೌಕದಲ್ಲಿ ಇರುವಾಗ ಜನ ಆರನೆಯದು ಓದಿ ನಕ್ಕಾಗಿರುತ್ತಿತ್ತು! ಆಮೇಲೆ ಒಂದೊಂದೇ ಚೌಕ ಕತ್ತರಿಸಿ ಸ್ಲೈಡ್ ಮಾಡಿದರು. ಮಾತಿನ ಗುಳ್ಳೆ ಅಳಿಸಿ, ಮಾತನ್ನು ಬಾಯಲ್ಲಿ ಹೇಳಿದರು. ಗೆಳೆಯರನ್ನು ಕರೆದು ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟರು. ಬಾಗಿಲ ಸದ್ದಿಗೆ ಮೇಜು ಕುಟ್ಟಿದರು. ನಮ್ಮ ಗಮಕದಲ್ಲಿ ಒಬ್ಬರು ಹಾಡಿ ಇನ್ನೊಬ್ಬರು ಅರ್ಥ ಹೇಳುತ್ತಾರಲ್ಲ, ಹಾಗೆ ಇಲ್ಲಿ ಚಿತ್ರ ಒಂದು ಹೇಳಿದರೆ ದನಿ ಇನ್ನೊಂದು ಹೇಳುತ್ತದೆ. ಶಿಕಾಗೋದಲ್ಲಿ 2011ರಿಂದ 2014ರವರೆಗೆ ‘ಬ್ರೇನ್ ಫ್ರೇಮ್’ ಅಂತ ಒಂದು ಸರಣಿಯೇ ನಡೆಯಿತು, ಕಾಮಿಕ್ಸನ್ನು ವೇದಿಕೆಗೆ ತರುವುದಕ್ಕಾಗಿಯೇ. ಅಲ್ಲಿ ಓದು ಹೋಗಿ ಅದು ಪ್ರದರ್ಶನವೇ ಆಯಿತು.

ನನಗೆ ಇದರಲ್ಲಿ ಇಷ್ಟವಾಗುವುದು ಬೇರೆಯೇ. ಜನರ ಮುಂದೆ ಚೌಕ ಚೌಕವಾಗಿ ಓದಿದವರು ಮನೆಗೆ ಹೋಗಿ ಬರೆಯುವಾಗ ಬದಲಾಗುತ್ತಾರೆ. ಎಲ್ಲಿ ಜನ ಸುಮ್ಮನಾದರು, ಎಲ್ಲಿ ಕುರ್ಚಿ ಅಲುಗಿಸಿದರು ಅಂತ ಕಿವಿಗೆ ಬಿದ್ದಿರುತ್ತದೆ. ಒಂಟಿಯಾಗಿ ಟೇಬಲ್ ಮುಂದೆ ವರ್ಷಗಟ್ಟಲೆ ಕೂರುವವರಿಗೆ ಇದು ಬೇರೆ ಎಲ್ಲೂ ಸಿಗುವುದಿಲ್ಲ.

ಸಹಿ ಹಾಕುವುದು ಕೂಡ ಇಲ್ಲಿ ಸುಮ್ನೆ ಸಹಿ ಅಲ್ಲ. ಕಾದಂಬರಿಕಾರರು ಹೆಸರು ಗೀಚಿ ಕೊಟ್ಟರೆ ಮುಗಿಯಿತು. ಕಾಮಿಕ್ಸ್‌ನವರು ಪ್ರತಿ ಪುಸ್ತಕದಲ್ಲೂ ಒಂದು ಚಿತ್ರ ಬರೆದುಕೊಡುವ ವಾಡಿಕೆ ಇದೆ. ಸಾಲು ಮುಂದೆ ಹೋಗುವುದೇ ಇಲ್ಲ. ಕಾಯುವವರು ಬೇಜಾರಿಗೆ ಕಪಾಟಿನಲ್ಲಿರುವುದನ್ನು ತೆಗೆದು ನೋಡುತ್ತಾರೆ, ಪಕ್ಕದವರ ಜೊತೆ ಮಾತಿಗೆ ಇಳಿಯುತ್ತಾರೆ, ‘ನೀವೂ ಬರೀತೀರಾ?’ ಅಂತ ಕೇಳುತ್ತಾರೆ. ಅಂಗಡಿಯವರಿಗೆ ಆ ಸಂಜೆಯ ಲಾಭ ಮುಖ್ಯ ಅತಿಥಿಯ ಪುಸ್ತಕಕ್ಕಿಂತ ಜಾಸ್ತಿ ಈ ಸಾಲಿನಿಂದ ಬಂದರೂ ಆಶ್ಚರ್ಯ ಇಲ್ಲ.

ಕೆಲವು ಸಲ ಅಂಗಡಿಯ ಸಂಜೆ ಅಂಗಡಿಯಲ್ಲಿ ಹಿಡಿಸುವುದಿಲ್ಲ. ಟೊರಾಂಟೋದ ದಿ ಬಿಗೈಲಿಂಗ್ 1987ರಲ್ಲಿ ಶುರುವಾದ ಅಂಗಡಿ. ಅದರವರು 2003ರಲ್ಲಿ ಒಂದು ಕಾಮಿಕ್ಸ್ ಉತ್ಸವ ಮಾಡಿದರು. 2009ರಿಂದ ಅದು ಟೊರಾಂಟೋ ರೆಫರೆನ್ಸ್ ಲೈಬ್ರರಿಯಲ್ಲಿ ನಡೆಯತೊಡಗಿತು. ಸರ್ಕಾರಿ ಗ್ರಂಥಾಲಯ, ಪ್ರವೇಶ ಉಚಿತ. ಅಜ್ಜಿಯರು, ತಳ್ಳುಗಾಡಿ ತಳ್ಳುವ ಅಮ್ಮಂದಿರು, ಯಾರು ಬೇಕಾದರೂ ಒಳಗೆ ಬರಬಹುದಿತ್ತು. ವೇಷ ಹಾಕಿಕೊಂಡು ಸಿನಿಮಾ ನಟರ ಜೊತೆ ಫೋಟೋ ತೆಗೆಸಿಕೊಳ್ಳುವ ಕಾಮಿಕ್ ಕಾನ್‌ಗೂ ಇದಕ್ಕೂ ಬಹಳ ದೂರ. ಶಿಕಾಗೋದಲ್ಲಿ 2012ರಿಂದ ‘ಕೇಕ್’ ಅನ್ನುವ ಇಂಥದ್ದೇ ಮೇಳ ಶುರುವಾಯಿತು. ಬ್ರೂಕ್ಲಿನ್ನಿನಲ್ಲಿ ಗೇಬ್ ಫೌಲರ್ 2008ರಲ್ಲಿ ತೆರೆದ ಡೆಸರ್ಟ್ ಐಲ್ಯಾಂಡ್ ಅಂಗಡಿ ಇನ್ನೊಂದು ದಾರಿ ಹಿಡಿಯಿತು. ‘ಸ್ಮೋಕ್ ಸಿಗ್ನಲ್’ ಅಂತ ನ್ಯೂಸ್‌ಪ್ರಿಂಟ್‌ನಲ್ಲಿ ದೊಡ್ಡ ಗಾತ್ರದ ಕಾಮಿಕ್ಸ್ ಪತ್ರಿಕೆ ಹಾಕಿ ಪುಕ್ಕಟೆ ಹಂಚಿತು. ಆ ಪತ್ರಿಕೆಯ ನಂಟಿನಿಂದಲೇ ಕಾಮಿಕ್ಸ್ ಸಂಪಾದಕಿ ಫ್ರಾನ್ಸ್ವಾಸ್ ಮೂಲಿ ಮತ್ತು ಅವರ ಮಗಳು ನಾಜಾ ಸ್ಪೀಗೆಲ್‌ಮನ್ ಸೇರಿ 2017ರ ಜನವರಿಯಲ್ಲಿ ‘ರೆಸಿಸ್ಟ್!’ ಸಂಚಿಕೆ ತಂದರು. ಟ್ರಂಪ್ ವಿರುದ್ಧ ವಾಷಿಂಗ್ಟನ್ನಿನಲ್ಲಿ ನಡೆದ ಮಹಿಳೆಯರ ಮೆರವಣಿಗೆಯ ಹೊತ್ತಿಗೆ ಹತ್ತಾರು ಸಾವಿರ ಪ್ರತಿ ಹಂಚಿ ಹೋಯಿತು. ಪುಟ್ಟ ಅಂಗಡಿಯ ಕೈ ಎಷ್ಟು ಉದ್ದ ನೋಡಿ.

ಎಲ್ಲ ಸುಖವಾಗಿದೆ ಅಂತ ನಾನು ಹೇಳುತ್ತಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆಲ್ಲ ಸರಕು ಕೊಡುವ ದೊಡ್ಡ ವಿತರಕ ಒಬ್ಬನೇ ಉಳಿದ, ಡೈಮಂಡ್ ಕಂಪನಿ. 2009ರಲ್ಲಿ ಅದು ಒಂದು ಪುಸ್ತಕಕ್ಕೆ 2,500 ಡಾಲರ್‌ನಷ್ಟಾದರೂ ಆರ್ಡರ್ ಬರದಿದ್ದರೆ ತರಿಸುವುದಿಲ್ಲ ಅಂತ ಮಿತಿ ಏರಿಸಿತು. ಸಣ್ಣವರು ಆ ದಾರಿಯಿಂದ ಹೊರಗೆ ಬಿದ್ದರು. 2025ರ ಜನವರಿಯಲ್ಲಿ ಡೈಮಂಡೇ ದಿವಾಳಿ ಅರ್ಜಿ ಹಾಕಿತು. ಅಷ್ಟಕ್ಕೇ ಮುಗಿಯಲಿಲ್ಲ. ಮಾರಿದ ಮೇಲೆ ದುಡ್ಡು ಕೊಡಿ ಅಂತ ಪ್ರಕಾಶಕರು ನಂಬಿ ಬಿಟ್ಟಿದ್ದ ದಾಸ್ತಾನನ್ನೇ ಮಾರಿಕೊಳ್ಳಲು ಕೋರ್ಟಿನ ಅನುಮತಿ ಕೇಳಿತು! ಕ್ವಿಂಬೀಸ್‌ನ ಫಾರಂನಲ್ಲಿರುವುದೂ ಅದೇ ಒಪ್ಪಂದ. ಒಂದು ಕಡೆ ಹತ್ತು ಪ್ರತಿ ತಂದವರ ಲೆಕ್ಕ ನೋಟ್‌ಬುಕ್ಕಿನಲ್ಲಿ ಇಡುತ್ತಾರೆ, ಇನ್ನೊಂದು ಕಡೆ ಗೋಡೌನುಗಟ್ಟಲೆ ಪುಸ್ತಕ ಯಾರದು ಅಂತ ಲಾಯರುಗಳು ವಾದ ಮಾಡುತ್ತಾರೆ.

ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಬರೆಯುವವರಿಗೆ ಕೊರತೆ ಇರಲಿಲ್ಲ. ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ‘ಕೊರವಂಜಿ’ ಶುರುಮಾಡಿದಾಗ ಅದರಲ್ಲಿ ಚಿತ್ರ ಬರೆದವರಲ್ಲಿ ಆರ್.ಕೆ. ಲಕ್ಷ್ಮಣ್ ಒಬ್ಬರು. ಅಮರ ಚಿತ್ರ ಕಥಾ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ. ಆ ಯೋಚನೆ ಹೊಳೆದದ್ದು ಚಿತ್ರಕಾರರಿಗಲ್ಲ, ಇಂಡಿಯಾ ಬುಕ್ ಹೌಸ್‌ನಲ್ಲಿ ಪುಸ್ತಕ ಮಾರುತ್ತಿದ್ದ ಜಿ.ಕೆ. ಅನಂತರಾಮ್ ಅವರಿಗೆ. ಯಾವುದು ಮಾರಾಟವಾಗುತ್ತದೆ ಅಂತ ಕಪಾಟಿನ ಮುಂದೆ ನಿಂತವರಿಗೆ ಗೊತ್ತಿರುತ್ತದೆ. ಕಾರ್ಕಳದ ಅನಂತ ಪೈ ಅವರ ‘ಕೃಷ್ಣ’ ಆಮೇಲೆ ಬಂದದ್ದು, ಮಾಲೆಯ 11ನೇ ಸಂಖ್ಯೆ.

ಕಪಾಟು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಒರಿಜಿತ್ ಸೇನ್ ಅವರ ‘ರಿವರ್ ಆಫ್ ಸ್ಟೋರೀಸ್’ 1994ರಲ್ಲಿ ಬಂತು, ನರ್ಮದಾ ಕಣಿವೆಯ ಜನರ ಕಥೆ. ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಅಂತ ಅದನ್ನು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುತ್ತಾರೆ, ಆದರೆ ವರ್ಷಾನುಗಟ್ಟಲೆ ಓದಲು ಪ್ರತಿಯೇ ಸಿಗುತ್ತಿರಲಿಲ್ಲ. ಚೆನ್ನೈನ ಬ್ಲಾಫ್ಟ್ ಪ್ರಕಾಶನ ಅದನ್ನು ಮತ್ತೆ ಅಚ್ಚು ಹಾಕಿದ್ದು 2022ರಲ್ಲಿ. ಹುಟ್ಟಿದ ಮಗು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ. ಮೊದಲ ಅಚ್ಚು ಕೆಟ್ಟದಾಗಿತ್ತು ಅಂತಲ್ಲ, ಓದುವವರು ಇರಲಿಲ್ಲ ಅಂತಲೂ ಅಲ್ಲ. ‘ಇದು ಮುಗೀತು, ಇನ್ನೂ ಇಪ್ಪತ್ತು ಕಳಿಸಿ’ ಅಂತ ಊರೂರಿನಿಂದ ಫೋನ್ ಮಾಡುವ ಅಂಗಡಿಗಳು ಇರಲಿಲ್ಲ.

ಇಷ್ಟು ಸಾಕು. ಪ್ರಶ್ನೆ ಇದ್ದರೆ ಕೇಳಿ.

‘ಸರ್, ಈಗ ಎಲ್ಲ ಇನ್‌ಸ್ಟಾಗ್ರಾಂನಲ್ಲೇ ಹಾಕಬಹುದಲ್ವಾ? ಅಂಗಡಿ ಯಾಕೆ ಬೇಕು?’

ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ನಿಮ್ಮ ಪುಟದ ಅಳತೆಯನ್ನು ಕಂಪನಿ ಗೊತ್ತು ಮಾಡಿರುತ್ತದೆ. ಕ್ರಿಸ್ ವೇರ್ ಅವರ ‘ಬಿಲ್ಡಿಂಗ್ ಸ್ಟೋರೀಸ್’ 2012ರಲ್ಲಿ ಬಂದಾಗ ಅದು ಪುಸ್ತಕವೇ ಅಲ್ಲ, ಒಂದು ಪೆಟ್ಟಿಗೆ. ಒಳಗೆ 14 ಬಿಡಿ ಭಾಗ, ಯಾವುದನ್ನು ಬೇಕಾದರೂ ಮೊದಲು ಓದಬಹುದು. ಅದನ್ನು ಫೋನಿನಲ್ಲಿ ಹೇಗೆ ತೋರಿಸುತ್ತೀರಿ?

‘ಬೆಂಗಳೂರಿನಲ್ಲಿ ಇಂಥ ಅಂಗಡಿ ಎಲ್ಲಿದೆ?’

ಅಂಗಡಿಯೇ ಬೇಕಾಗಿಲ್ಲ, ಒಂದು ಕಪಾಟು ಸಾಕು. ಪರಿಚಯದ ಪುಸ್ತಕದಂಗಡಿಯವರನ್ನು ಕೇಳಿ, ಕಾಫಿ ಅಂಗಡಿಯವರನ್ನು ಕೇಳಿ, ನಿಮ್ಮ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ. ಫಾರಂ ನೀವೇ ಟೈಪ್ ಮಾಡಿಕೊಂಡು ಹೋಗಿ, ಅವರಿಗೆ ಕೆಲಸ ಕಡಿಮೆ. ಉಳಿದ ಪ್ರತಿ ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ ಅಂತ ಬರೆದುಕೊಡಿ, ಹೇಳಿದ ತಾರೀಕಿಗೆ ಹೋಗಿ. ಅವರು ಬೇಡ ಅನ್ನುವುದು ಹೆಚ್ಚಾಗಿ ಆ ಒಂದು ಕಾರಣಕ್ಕೇ.

‘ಬೆಲೆ ಎಷ್ಟು ಇಡಬೇಕು?’

ಈಗ ಮಡಚಿದಿರಲ್ಲ, ಅಂಥದ್ದಕ್ಕೆ 30 ರೂಪಾಯಿ ಇಟ್ಟರೆ ಅಂಗಡಿಯವರಿಗೆ 12 ಹೋಗಿ ನಿಮಗೆ 18 ಬರುತ್ತದೆ. ಜೆರಾಕ್ಸ್ ಖರ್ಚು ಕಳೆದು ಏನಾದರೂ ಉಳಿಯುತ್ತದೆ. ಬೆಲೆ ಮತ್ತು ನಿಮ್ಮ ಹೆಸರನ್ನು ಹಿಂಬದಿ ರಕ್ಷಾಪುಟದಲ್ಲಿ ದೊಡ್ಡದಾಗಿ ಬರೆಯಿರಿ. ಇಲ್ಲದಿದ್ದರೆ ಗಿರಾಕಿ ಕೈಯಲ್ಲಿ ಹಿಡಿದು ನಿಂತಾಗ ಗಲ್ಲಾದಲ್ಲಿ ಕೂತವರು ‘ಇದು ಮಾರೋದಲ್ಲ, ಯಾರೋ ಬಿಟ್ಟು ಹೋಗಿದ್ದು’ ಅಂದುಬಿಡುತ್ತಾರೆ.